ಬೆಟ್ಟದೊಳಗಿನ ನೀರು

ಮಣ್ಣಿನ ಇಳಿಜಾರು ಹೇಗೆ ನಿಲ್ಲುತ್ತದೆ, ಯಾವಾಗ ಜಾರುತ್ತದೆ ಎಂಬುದನ್ನು ಅಮೃತೂರು ಕಡೆಯ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕುಣಿಗಲ್ ತಾಲ್ಲೂಕಿನ ಈ ಸೀಮೆಯ ಬೇಸಾಯ ನಿಂತಿರುವುದೇ ಕೆರೆ ಏರಿಗಳ ಮೇಲೆ. ಶಿಂಷಾ ನದಿಗೆ ಅಡ್ಡಲಾಗಿ ಕಟ್ಟಿದ ಮಾರ್ಕೋನಹಳ್ಳಿ ಜಲಾಶಯದಲ್ಲೂ ಕಲ್ಲಿನ ಕಟ್ಟಡ ನಡುವೆ ಮಾತ್ರ. ಎರಡೂ ಕಡೆ ಉದ್ದಕ್ಕೆ ಚಾಚಿಕೊಂಡಿರುವುದು ಮಣ್ಣಿನ ಏರಿ. ನೀರು ಮಟ್ಟ ಮೀರಿದರೆ ಯಾರೂ ಗೇಟು ಎತ್ತದೆ ತಾನಾಗಿ ಹೊರಗೆ ಹೋಗಲೆಂದು ಮೈಸೂರು ಸಂಸ್ಥಾನದ ಎಂಜಿನಿಯರುಗಳು ಅಲ್ಲಿ ಸೈಫನ್ ಇಟ್ಟರು. ಊರ ಕೆರೆಯಲ್ಲಿ ಆ ಕೆಲಸ ಕೋಡಿಯದು. ಏರಿ ಎಷ್ಟು ಎತ್ತರ ಎನ್ನುವುದಕ್ಕಿಂತ ಮೊದಲು ನೀರು ಎಲ್ಲಿಂದ ಹೋಗಬೇಕು ಎಂದು ತೀರ್ಮಾನಿಸಿ ಕಟ್ಟಿದ ಕೆಲಸಗಳಿವು. ಮಣ್ಣನ್ನು ಪದರ ಪದರವಾಗಿ ಹಾಕಿ ತುಳಿಸಿ, ಒಳಮೈಗೆ ಕಲ್ಲು ಹೊಂದಿಸಿ, ಹೊರಮೈಯನ್ನು ಸಾಕಷ್ಟು ಚಾಚಿ ಬಿಡುತ್ತಿದ್ದರು. ಆಮೇಲೂ ಏರಿಯ ಬುಡದಲ್ಲಿ ನೀರು ಜಿನುಗಿದರೆ ಊರಿಗೆ ಊರೇ ಎಚ್ಚರವಾಗುತ್ತಿತ್ತು.

ಈಗ ಪ್ರತಿ ನಗರದ ಹೊರಗೂ ಇನ್ನೊಂದು ಬಗೆಯ ಇಳಿಜಾರು ಎದ್ದಿದೆ. ಬೆಂಗಳೂರಿನ ಕಸ ಮಾವಳ್ಳಿಪುರಕ್ಕೆ, ಮಂಡೂರಿಗೆ ಹೋಯಿತು, ತುಮಕೂರಿನ ಕಸ ಅಜ್ಜಗೊಂಡನಹಳ್ಳಿಗೆ ಹೋಗುತ್ತದೆ, ಮಂಗಳೂರಿನದು ಪಚ್ಚನಾಡಿಗೆ. ಈ ರಾಶಿಗಳ ಬಗ್ಗೆ ನಾವು ಸಾಮಾನ್ಯವಾಗಿ ಮಾತಾಡುವುದು ವಾಸನೆ, ನೊಣ, ಹೊಗೆ, ಬಾವಿಗೆ ಇಳಿಯುವ ಕೊಳಚೆ ನೀರು ಇವುಗಳ ಬಗ್ಗೆ. ಅವೆಲ್ಲ ನಿಜವಾದ ಸಂಕಟಗಳೇ. ಆದರೆ ಕಸದ ರಾಶಿ ಒಂದು ಕಟ್ಟಡವೂ ಹೌದು. ಅದಕ್ಕೆ ಭಾರವಿದೆ, ಬಲವಿದೆ, ಒಳಗೆ ನೀರಿದೆ. ಏರಿಗೆ ಅನ್ವಯಿಸುವ ಭೌತಶಾಸ್ತ್ರವೇ ಇದಕ್ಕೂ ಅನ್ವಯಿಸುತ್ತದೆ. ಒಂದೇ ವ್ಯತ್ಯಾಸವೆಂದರೆ ಇದನ್ನು ಯಾರೂ ಕಟ್ಟಲಿಲ್ಲ. ಲಾರಿಗಳು ಸುರಿದು ಹೋದವು. ತೂಬಿಲ್ಲದ, ಕೋಡಿಯಿಲ್ಲದ, ತುಳಿಸದ ಏರಿ ಇದು.

2019ರ ಆಗಸ್ಟ್‌ನಲ್ಲಿ ಆ ವ್ಯತ್ಯಾಸ ಏನೆಂಬುದು ಮಂಗಳೂರಿನಲ್ಲಿ ಗೊತ್ತಾಯಿತು. ಪಚ್ಚನಾಡಿಯ ಡಂಪಿಂಗ್ ಯಾರ್ಡ್ ಇರುವುದು ಎತ್ತರದ ಜಾಗದಲ್ಲಿ. ಕೆಳಗಿನ ಕಣಿವೆಯಲ್ಲಿ ಮಂದಾರ ಎಂಬ ಊರು, ಅಡಿಕೆ ಮತ್ತು ತೆಂಗಿನ ತೋಟಗಳ ನಡುವೆ ಹರಡಿಕೊಂಡ ಮನೆಗಳು. ವರ್ಷಗಟ್ಟಲೆ ಸುರಿದ ಕಸ ಕಣಿವೆಯ ಅಂಚಿನಲ್ಲಿ ಗೋಡೆಯಂತೆ ನಿಂತಿತ್ತು. ಆ ತಿಂಗಳು ಕರಾವಳಿಯಲ್ಲಿ ಬಿಡದೆ ಹೊಯ್ದ ಮಳೆಗೆ ಆ ಗೋಡೆ ಜಾರತೊಡಗಿತು. ಒಂದು ಕ್ಷಣದಲ್ಲಿ ಕುಸಿದು ಮುಗಿದ ದುರಂತವಲ್ಲ ಅದು. ದಿನಗಟ್ಟಲೆ ಮುಂದಕ್ಕೆ ಸರಿಯುತ್ತಲೇ ಹೋಯಿತು. ತೋಟದೊಳಕ್ಕೆ ನುಗ್ಗಿ ಅಡಿಕೆ ಮರಗಳನ್ನು ಬಾಗಿಸಿ ಮುರಿಯಿತು, ತೆಂಗಿನ ಬುಡಗಳನ್ನು ಮುಚ್ಚಿತು, ಅಂಗಳಕ್ಕೆ ಬಂತು, ಮನೆಗಳನ್ನು ಹೂತುಹಾಕಿತು. ಇಪ್ಪತ್ತಕ್ಕೂ ಹೆಚ್ಚು ಕುಟುಂಬಗಳು ಮನೆ ಬಿಟ್ಟು ಗೃಹಮಂಡಳಿಯ ವಸತಿ ಸಮುಚ್ಚಯಕ್ಕೆ ಹೋಗಬೇಕಾಯಿತು. ತಲೆಮಾರುಗಳಿಂದ ಬೆಳೆಸಿಕೊಂಡು ಬಂದ ತೋಟದ ಮೇಲೆ ಇಡೀ ನಗರದ ಪ್ಲಾಸ್ಟಿಕ್ಕು, ಬಟ್ಟೆ, ಕೊಳೆತ ತರಕಾರಿ ಬಂದು ಕೂತಿತು.

ಕಸ ಹೀಗೆ ಹರಿಯುವುದು ಹೇಗೆ? ಇದನ್ನು ತಿಳಿಯಲು ಮೊದಲು ಇಳಿಜಾರು ನಿಲ್ಲುವುದು ಹೇಗೆಂದು ನೋಡಬೇಕು.

ರಾಶಿಯ ಒಳಗೆ ಒಂದು ಜಾರುವ ಮೈಯನ್ನು ಕಲ್ಪಿಸಿಕೊಳ್ಳಿ. ಅದರ ಮೇಲಿರುವ ಭಾಗವನ್ನು ಗುರುತ್ವ ಕೆಳಕ್ಕೆ ಎಳೆಯುತ್ತದೆ. ಆ ಮೈಯುದ್ದಕ್ಕೂ ಇರುವ ಘರ್ಷಣೆ ಅದನ್ನು ತಡೆಯುತ್ತದೆ. ತಡೆಯುವ ಬಲವನ್ನು ಎಳೆಯುವ ಬಲದಿಂದ ಭಾಗಿಸಿದರೆ ಬರುವುದೇ ಸುರಕ್ಷತಾ ಗುಣಾಂಕ. ಅದು 1 ಆದರೆ ಇಳಿಜಾರು ಜಾರುವ ಅಂಚಿನಲ್ಲಿದೆ ಎಂದರ್ಥ. ಎಂಜಿನಿಯರುಗಳು ಸಾಮಾನ್ಯವಾಗಿ 1.5 ಇರಲಿ ಎನ್ನುತ್ತಾರೆ. 1916ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್ ಬಂದರಿನ ದಕ್ಕೆ ಕುಸಿದಾಗ ಅಲ್ಲಿನ ಎಂಜಿನಿಯರುಗಳು ಜಾರಿದ ಮಣ್ಣನ್ನು ಪರಿಶೀಲಿಸಿ, ಜಾರುವ ಮೈ ಹೆಚ್ಚುಕಡಿಮೆ ವೃತ್ತದ ಕಂಸದಂತಿರುತ್ತದೆ ಎಂದು ಕಂಡುಕೊಂಡರು. ಅದರ ಮೇಲಿನ ಮಣ್ಣನ್ನು ನಿಲುವಾದ ಹೋಳುಗಳಾಗಿ ವಿಂಗಡಿಸಿ, ಒಂದೊಂದು ಹೋಳಿನ ಲೆಕ್ಕ ಹಾಕಿ ಕೂಡಿಸುವ ಪದ್ಧತಿ ಅಲ್ಲಿಂದ ಬೆಳೆಯಿತು. 1955ರಲ್ಲಿ ಲಂಡನ್ನಿನ ಅಲನ್ ಬಿಷಪ್ ಅದನ್ನು ಇನ್ನಷ್ಟು ನಿಖರವಾಗಿಸಿದರು. ಇಂದು ಕಂಪ್ಯೂಟರ್ ಸಾವಿರಾರು ಕಂಸಗಳನ್ನು ಪರೀಕ್ಷಿಸಿ ಅತ್ಯಂತ ದುರ್ಬಲವಾದುದನ್ನು ಹುಡುಕಿಕೊಡುತ್ತದೆ. ಆದರೆ ಹೋಳುಗಳ ಒಳಗಿನ ಲೆಕ್ಕ ಬದಲಾಗಿಲ್ಲ.

ಘರ್ಷಣೆಯ ಗುಟ್ಟು ಇರುವುದು ಭಾರದಲ್ಲಿ. ಮೇಲಿನಿಂದ ಭಾರ ಹೆಚ್ಚು ಅದುಮಿದಷ್ಟೂ ಕಣಗಳು ಒಂದನ್ನೊಂದು ಬಿಗಿಯಾಗಿ ಹಿಡಿಯುತ್ತವೆ. ಸಂದುಗಳಲ್ಲಿ ನೀರು ತುಂಬಿದರೆ ಆ ನೀರು ತನ್ನ ಒತ್ತಡದಿಂದ ಭಾರದ ಒಂದು ಪಾಲನ್ನು ತಾನೇ ಹೊರುತ್ತದೆ. ನೀರಿಗೆ ಘರ್ಷಣೆಯಿಲ್ಲ. ಹಾಗಾಗಿ ನೀರು ಹೊತ್ತ ಭಾರ ಹಿಡಿತದ ಲೆಕ್ಕದಿಂದ ಕಳೆದುಹೋಗುತ್ತದೆ. ಕಣಗಳ ಪಾಲಿಗೆ ಉಳಿದ ಭಾರ ಮಾತ್ರ ಇಳಿಜಾರನ್ನು ಹಿಡಿದಿಡುತ್ತದೆ. 1920ರ ದಶಕದಲ್ಲಿ ಕಾರ್ಲ್ ಟೆರ್ಜಾಗಿ ಸ್ಪಷ್ಟಪಡಿಸಿದ ಈ ಒಂದು ವಿಚಾರದ ಮೇಲೆಯೇ ಮಣ್ಣಿನ ಎಂಜಿನಿಯರಿಂಗ್ ನಿಂತಿದೆ ಎಂದರೆ ತಪ್ಪಾಗದು.

ಇನ್ನು ಕಸಕ್ಕೆ ಬರೋಣ. ಈ ಲೆಕ್ಕವನ್ನು ಓದುಗರು ಕಾಗದದ ಮೇಲೆ ಮಾಡಿ ನೋಡಬೇಕೆಂಬುದು ನನ್ನ ಆಸೆ. ಕೆಲಸ ಬರಿಯ ಕೂಡುವ ಕಳೆಯುವ ಗಣಿತದ್ದು. ಉತ್ತರ ಮಾತ್ರ ಬೆಚ್ಚಿಬೀಳಿಸುವಂಥದು.

ಒಂದು ಘನ ಮೀಟರ್ ಒದ್ದೆ ಮಣ್ಣು ಸುಮಾರು 2 ಟನ್ ತೂಗುತ್ತದೆ. ಅಷ್ಟೇ ನೀರು 1 ಟನ್. ಚೆನ್ನಾಗಿ ನೆನೆದ ಕಸ 1.2 ಟನ್ ಎಂದಿಟ್ಟುಕೊಳ್ಳೋಣ. ಪ್ಲಾಸ್ಟಿಕ್ಕು, ಕಾಗದ, ಎಲೆ ಎಲ್ಲ ಹಗುರವಾದ್ದರಿಂದ ಅದು ನೀರಿಗಿಂತ ಸ್ವಲ್ಪವೇ ಭಾರ. ಈಗ 10 ಮೀಟರ್ ಆಳದಲ್ಲಿ ಒಂದು ಚದರ ಮೀಟರ್ ಜಾಗದ ಮೇಲೆ ಕೂತಿರುವ ಭಾರ ನೋಡಿ. ಮಣ್ಣಾದರೆ 20 ಟನ್, ಕಸವಾದರೆ 12 ಟನ್. ರಾಶಿಯೊಳಗೆ ಆ ಆಳದಿಂದ ಮೇಲಕ್ಕೆ 5 ಮೀಟರ್ ನೀರು ನಿಂತಿತು ಎನ್ನೋಣ. ನೀರು 5 ಟನ್ ಹೊರುತ್ತದೆ. ಮಣ್ಣಿನಲ್ಲಿ ಉಳಿದದ್ದು 15 ಟನ್, ಅಂದರೆ ಮುಕ್ಕಾಲು ಪಾಲು. ಕಸದಲ್ಲಿ ಉಳಿದದ್ದು 7 ಟನ್, ಅರ್ಧಕ್ಕಿಂತ ತುಸು ಮೇಲೆ. ನೀರು ಮೇಲ್ಮೈವರೆಗೂ ಬಂದರೆ ಅದು ಹೊರುವುದು 10 ಟನ್. ಆಗಲೂ ಮಣ್ಣಿನಲ್ಲಿ ಅರ್ಧ ಭಾರ ಉಳಿಯುತ್ತದೆ. ಕಸದಲ್ಲಿ ಉಳಿಯುವುದು 12ರಲ್ಲಿ 2 ಟನ್, ಆರರಲ್ಲಿ ಒಂದು ಪಾಲು.

ಇದನ್ನು ಇಳಿಜಾರಿಗೆ ಹಾಕಿ ನೋಡೋಣ. ಮೂರು ಮೀಟರ್ ಚಾಚಿಗೆ ಒಂದು ಮೀಟರ್ ಏರುವ, ನೋಡಿದವರಿಗೆ ಏನೂ ಕಡಿದಾಗಿ ಕಾಣದ ಇಳಿಜಾರು ಅದು. ಘರ್ಷಣೆಯ ಕೋನ 30 ಡಿಗ್ರಿ ಎಂದಿಟ್ಟುಕೊಂಡರೆ ಒಣಗಿದ್ದಾಗ ಮಣ್ಣಿಗೂ ಕಸಕ್ಕೂ ಸುರಕ್ಷತಾ ಗುಣಾಂಕ ಸುಮಾರು 1.7. ಆಳದ ಅರ್ಧದಷ್ಟು ನೀರು ನಿಂತಾಗ ಮಣ್ಣಿನದು 1.3ಕ್ಕೆ ಇಳಿಯುತ್ತದೆ, ಕಳವಳದ ಸಂಗತಿ, ಆದರೂ ನಿಂತಿರುತ್ತದೆ. ಕಸದ್ದು ನೇರವಾಗಿ 1ಕ್ಕೆ ಬರುತ್ತದೆ. ಅದೇ ಎತ್ತರ, ಅದೇ ಓರೆ, ಅಷ್ಟೇ ನೀರು. ಒಂದು ಏರಿಯಾಗಿ ಉಳಿಯುತ್ತದೆ, ಇನ್ನೊಂದು ಮಂದಾರದ ತೋಟಕ್ಕೆ ಇಳಿಯುತ್ತದೆ. ಕಸ ಹಗುರವಾದ್ದರಿಂದ ಅಪಾಯ ಕಡಿಮೆ ಎಂದು ತೋರುವುದು ಸಹಜ. ವಾಸ್ತವದಲ್ಲಿ ಅದು ಹಗುರವಾಗಿರುವುದರಿಂದಲೇ ನೀರಿಗೆ ಇಷ್ಟು ಸುಲಭವಾಗಿ ಸೋಲುತ್ತದೆ.

ಈ ಲೆಕ್ಕದಲ್ಲಿ ಒಂದನ್ನು ಬೇಕೆಂದೇ ಬಿಟ್ಟಿದ್ದೇನೆ. ಕಸದಲ್ಲಿ ಘರ್ಷಣೆಯ ಜೊತೆಗೆ ನಾರಿನ ಹಿಡಿತವೂ ಇದೆ. ಪ್ಲಾಸ್ಟಿಕ್ ಚೀಲ, ಸೀರೆಯ ತುಂಡು, ಗೋಣಿತಾಟು, ತೆಂಗಿನ ನಾರು ಒಂದಕ್ಕೊಂದು ಹೆಣೆದುಕೊಂಡು ರಾಶಿಯನ್ನು ಕಟ್ಟಿಹಾಕುತ್ತವೆ. ಹಿಟಾಚಿಯಿಂದ ಕಡಿದ ಕಸದ ಗೋಡೆ ಹತ್ತಾರು ಅಡಿ ನೆಟ್ಟಗೆ ನಿಲ್ಲುವುದು ಇದರಿಂದಲೇ. ಹಾಗೆ ನಿಂತ ಗೋಡೆ ನೋಡುವವರಿಗೆ ಸುಳ್ಳು ಧೈರ್ಯ ಕೊಡುತ್ತದೆ. ಆ ಹೆಣಿಗೆ ಶಾಶ್ವತವಲ್ಲ. ಬಟ್ಟೆ, ನಾರು ಕೊಳೆಯುತ್ತವೆ. ಪ್ಲಾಸ್ಟಿಕ್ ಬೆಂಕಿಗೆ ಕರಗುತ್ತದೆ. ಇಂಡೋನೇಷ್ಯಾದ ಬಾಂಡುಂಗ್ ಬಳಿಯ ಲ್ಯೂವಿಗಾಜಾದಲ್ಲಿ 2005ರ ಫೆಬ್ರುವರಿ 21ರಂದು ಕಸದ ಬೆಟ್ಟ ಜಾರಿ 140ಕ್ಕೂ ಹೆಚ್ಚು ಜನ ಸತ್ತರು. ಅದನ್ನು ಅಧ್ಯಯನ ಮಾಡಿದವರು ಕೊಟ್ಟ ಕಾರಣ ಎರಡು: ಬುಡದ ಮೆತ್ತನೆ ನೆಲದಲ್ಲಿ ಏರಿದ ನೀರಿನ ಒತ್ತಡ, ಮತ್ತು ಒಳಗೊಳಗೇ ಉರಿಯುತ್ತಿದ್ದ ಬೆಂಕಿ ಪ್ಲಾಸ್ಟಿಕ್ಕಿನ ಹೆಣಿಗೆಯನ್ನು ಸುಟ್ಟುಹಾಕಿದ್ದು. ನಮ್ಮ ಕಸದ ರಾಶಿಗಳಲ್ಲೂ ಬೇಸಿಗೆಯಲ್ಲಿ ಹೊಗೆ ಏಳುತ್ತದೆ. ಅದನ್ನು ಗಾಳಿಯ ಮಾಲಿನ್ಯ ಎಂದಷ್ಟೇ ಬರೆದುಕೊಂಡರೆ ಸಾಲದು. ಮುಂದಿನ ಮಳೆಗಾಲಕ್ಕೆ ಇಳಿಜಾರಿನ ಬಲ ಎಷ್ಟು ಕಡಿಮೆಯಾಗಿರುತ್ತದೆ ಎಂಬ ಲೆಕ್ಕವೂ ಆ ಹೊಗೆಯಲ್ಲೇ ಇದೆ.

ಮನಿಲಾದ ಪಾಯಾಟಾಸ್, 2000ದ ಜುಲೈ: ಭಾರೀ ಮಳೆಯ ನಂತರ ಕುಸಿದು ಇನ್ನೂರಕ್ಕೂ ಹೆಚ್ಚು ಸಾವು. ಕೊಲಂಬೊದ ಮೀತೊಟಮುಲ್ಲ, 2017ರ ಏಪ್ರಿಲ್ 14, ಸಿಂಹಳ ಮತ್ತು ತಮಿಳು ಹೊಸವರ್ಷದ ದಿನ: 32 ಸಾವು. ಅದೇ ವರ್ಷ ಸೆಪ್ಟೆಂಬರ್ 1ರಂದು ದೆಹಲಿಯ ಗಾಜಿಪುರದಲ್ಲಿ ರಾಶಿಯ ಒಂದು ಪಾಲು ಕಾಲುವೆಗೆ ಕುಸಿದು, ರಸ್ತೆಯಲ್ಲಿ ಹೋಗುತ್ತಿದ್ದವರನ್ನು ನೀರಿಗೆ ತಳ್ಳಿತು, ಇಬ್ಬರು ಸತ್ತರು. ಉಗಾಂಡದ ಕಂಪಾಲಾದ ಕಿಟೀಜಿ, 2024ರ ಆಗಸ್ಟ್: ಮೂವತ್ತಕ್ಕೂ ಹೆಚ್ಚು ಸಾವು. ಕಸದ ಬೆಟ್ಟಗಳ ಬುಡದಲ್ಲಿ ಮನೆ ಕಟ್ಟಿಕೊಳ್ಳುವವರು ಎಲ್ಲ ದೇಶಗಳಲ್ಲೂ ಬಡವರೇ. ಮಂದಾರದ ಸಂಗತಿ ಸ್ವಲ್ಪ ಬೇರೆ. ಅಲ್ಲಿಯ ಜನ ಕಸದ ಹತ್ತಿರ ಹೋದವರಲ್ಲ. ಕಸವೇ ಅವರ ಬಳಿಗೆ ಬಂತು.

ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಮೀಟರಿಗಿಂತ ಹೆಚ್ಚು ಮಳೆ ಬೀಳುತ್ತದೆ, ತುಮಕೂರಿನಲ್ಲಿ ಅದರ ಐದಾರರಲ್ಲಿ ಒಂದು ಪಾಲು. ಹಾಗಾದರೆ ಬಯಲುಸೀಮೆಗೆ ಈ ಚಿಂತೆ ಏಕೆ ಎಂದು ಕೇಳಬಹುದು. ಆದರೆ ಕಸದೊಳಗಿನ ನೀರೆಲ್ಲ ಆಕಾಶದಿಂದ ಬಂದದ್ದಲ್ಲ. ನಮ್ಮ ಮನೆಗಳ ಕಸದಲ್ಲಿ ಅರ್ಧದಷ್ಟು ಅಡುಗೆಮನೆಯದು, ಮಾರುಕಟ್ಟೆಯದು: ಸೊಪ್ಪಿನ ದಂಟು, ಬಾಳೆಹಣ್ಣಿನ ಸಿಪ್ಪೆ, ಅನ್ನ, ಮದುವೆ ಛತ್ರದ ಎಲೆ. ಇವು ಲಾರಿಯಿಂದ ಇಳಿಯುವಾಗಲೇ ನೀರು ಹೊತ್ತಿರುತ್ತವೆ. ಮೇಲಿನ ಪದರಗಳ ಭಾರಕ್ಕೆ ಕೆಳಗಿನವು ಹಿಂಡಿಕೊಂಡು ಆ ನೀರನ್ನು ಬಿಡುತ್ತವೆ, ಕೊಳೆಯುತ್ತಾ ಇನ್ನಷ್ಟು ಬಿಡುತ್ತವೆ. ಹಾಗೆ ಬಿಟ್ಟ ನೀರು ಸಲೀಸಾಗಿ ಕೆಳಗೆ ಇಳಿದು ಹೋಗುವುದೂ ಇಲ್ಲ. ಹಾಸಿಕೊಂಡ ಪ್ಲಾಸ್ಟಿಕ್ ಹಾಳೆಗಳು, ಆಗಾಗ ಮುಚ್ಚಿದ ಮಣ್ಣಿನ ಪದರಗಳು ಅದನ್ನು ನಡುವೆಯೇ ತಡೆದು ನಿಲ್ಲಿಸುತ್ತವೆ. ರಾಶಿಯ ಬುಡ ಒಣಗಿದ್ದರೂ ಹೊಟ್ಟೆಯಲ್ಲಿ ಒಂದು ಕೆರೆ ತೂಗಿಕೊಂಡಿರಬಹುದು. ಕೊಳೆಯುವಾಗ ಹುಟ್ಟುವ ಮೀಥೇನ್, ಇಂಗಾಲದ ಡೈಆಕ್ಸೈಡ್‌ಗಳಿಗೂ ದಾರಿ ಸಿಗದಿದ್ದರೆ ಅವುಗಳ ಒತ್ತಡ ನೀರಿನ ಒತ್ತಡದ ಜೊತೆ ಸೇರುತ್ತದೆ. ಬಯಲುಸೀಮೆಯ ಮಳೆ ಕಡಿಮೆ ನಿಜ, ಆದರೆ ಬೀಳುವುದು ಹದವಾಗಿಯಲ್ಲ. ವರ್ಷದ ಪಾಲಿನಲ್ಲಿ ದೊಡ್ಡ ಭಾಗ ಕೆಲವೇ ರಾತ್ರಿಗಳಲ್ಲಿ ಸುರಿದು ಹೋಗುವುದನ್ನು ನಾವೆಲ್ಲ ನೋಡಿದ್ದೇವೆ.

ಈಗ ಇನ್ನೊಂದು ವಿಷಯ. ರಾಶಿ ಜಾರದೆ ನಿಂತರೂ ಸುಮ್ಮನೆ ನಿಂತಿರುವುದಿಲ್ಲ; ಅದು ಕೂರುತ್ತಾ ಹೋಗುತ್ತದೆ.

ತುಂಬಿದ ಮಣ್ಣು ಒಂದೆರಡು ಮಳೆಗಾಲದಲ್ಲಿ ಕೂತು ಗಟ್ಟಿಯಾಗುತ್ತದೆ. ಕಸಕ್ಕೆ ದಶಕಗಳು ಬೇಕು. ಮೊದಲ ಕೆಲವು ವಾರಗಳಲ್ಲಿ ತನ್ನದೇ ಭಾರಕ್ಕೆ ಡಬ್ಬಗಳು ಜಜ್ಜಿ, ಚೀಲಗಳು ಒಡೆದು, ಸಂದುಗಳು ಮುಚ್ಚಿಕೊಳ್ಳುತ್ತವೆ. ಆಮೇಲೆ ಸಣ್ಣ ಕಣಗಳು ದೊಡ್ಡ ಸಂದುಗಳಿಗೆ ಉದುರುತ್ತವೆ. ಜೊತೆಜೊತೆಗೆ ಸೂಕ್ಷ್ಮಜೀವಿಗಳು ಕಸದ ಘನಭಾಗವನ್ನೇ ತಿಂದು ಅನಿಲವಾಗಿ ಹೊರಗೆ ಕಳಿಸುತ್ತವೆ. ಇಲ್ಲಿ ಮಣ್ಣಿಗೂ ಕಸಕ್ಕೂ ಮೂಲಭೂತ ಭೇದವಿದೆ. ಮಣ್ಣು ಕೂರುವಾಗ ಸಂದು ಮಾತ್ರ ಕಡಿಮೆಯಾಗುತ್ತದೆ, ಕಣ ಹಾಗೇ ಇರುತ್ತದೆ. ಕಸದಲ್ಲಿ ಕಣವೇ ಮಾಯವಾಗುತ್ತದೆ. ಅಮೆರಿಕದ ಜಾರ್ಜ್ ಸೋವರ್ಸ್ 1973ರಲ್ಲಿ ಕಸದ ರಾಶಿಗಳ ಇಳಿತವನ್ನು ವಿವರಿಸುವಾಗ, ಮೊದಲ ಹಂತ ಮುಗಿದ ಮೇಲಿನ ಇಳಿತವನ್ನು ಕಾಲದ ಲಾಗರಿತಮ್‌ಗೆ ಹೊಂದಿಸಿದರು. ಕೊಳೆಯುವಿಕೆಯಿಂದಾಗುವ ಇಳಿತವನ್ನು ಆ ಒಂದೇ ಗೆರೆಯೊಳಗೆ ಸೇರಿಸಿಬಿಡದೆ ಬೇರೆಯಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವ ಮಾದರಿಗಳು ಆಮೇಲೆ ಬಂದವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಜಿ.ಎಲ್. ಶಿವಕುಮಾರ್ ಬಾಬು ಮತ್ತು ಅವರ ಜೊತೆಗಾರರು ಈ ದಿಕ್ಕಿನಲ್ಲಿ ಮುಖ್ಯವಾದ ಕೆಲಸ ಮಾಡಿದ್ದಾರೆ. ಬೆಂಗಳೂರಿನ ಕಸದ ಬಲವನ್ನೂ ಪ್ರಯೋಗಾಲಯದಲ್ಲಿ ಅಳೆದಿದ್ದಾರೆ. ಪರದೇಶದ ಒಣ ಕಸದ ಅಂಕಿಗಳನ್ನು ನಮ್ಮ ಹಸಿ ಕಸಕ್ಕೆ ಹಚ್ಚಿ ಲೆಕ್ಕ ಮುಗಿಸುವುದು ಅಪಾಯ. ಇಂಥ ಅಳತೆಗಳು ನಮ್ಮ ಪ್ರತಿ ನಗರಕ್ಕೂ ಬೇಕು.

ಲಾಗರಿತಮ್ ಎಂದರೆ ಗಾಬರಿ ಬೇಡ. 20 ಮೀಟರ್ ಎತ್ತರದ ರಾಶಿ, ಕಾಲ ಹತ್ತು ಪಟ್ಟಾದಾಗಲೆಲ್ಲ ಎತ್ತರದ ಶೇಕಡಾ 7ರಷ್ಟು ಇಳಿಯುತ್ತದೆ ಎಂಬ ಉದಾಹರಣೆ ತೆಗೆದುಕೊಳ್ಳೋಣ. ಒಂದನೆಯ ವರ್ಷದಿಂದ ಹತ್ತನೆಯ ವರ್ಷದೊಳಗೆ 1.4 ಮೀಟರ್. ಹತ್ತರಿಂದ ನೂರನೆಯ ವರ್ಷದೊಳಗೆ ಮತ್ತೆ ಅಷ್ಟೇ, 1.4 ಮೀಟರ್. ವೇಗ ತಗ್ಗುತ್ತಾ ಹೋಗುತ್ತದೆ, ಆದರೆ ಇಳಿತ ನಿಂತಿತು ಎಂದು ಹೇಳಬಹುದಾದ ದಿನ ಬರುವುದೇ ಇಲ್ಲ.

ಈ ಇಳಿತ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ ಎಂಬುದೇ ತೊಂದರೆಯ ಮೂಲ. ರಾಶಿಯ ನಡುವೆ ಕಸ ಆಳ, ಅಂಚಿನಲ್ಲಿ ತೆಳು. ಮುಚ್ಚುವಾಗ ನೀರು ಹರಿದುಹೋಗಲೆಂದು ನೆತ್ತಿಯನ್ನು 100ಕ್ಕೆ 4ರಂತೆ ಇಳಿಜಾರು ಮಾಡಿದ್ದಾರೆ ಎನ್ನಿ. ನಡುವಿನಿಂದ ಅಂಚಿಗೆ 50 ಮೀಟರ್ ಇದ್ದರೆ ನಡು 2 ಮೀಟರ್ ಎತ್ತರ. ಅಂಚು ಅಷ್ಟಾಗಿ ಇಳಿಯದೆ ನಡು 1.4 ಮೀಟರ್ ಕೂತರೆ ಉಳಿಯುವ ಇಳಿಜಾರು 100ಕ್ಕೆ ಒಂದು ಚಿಲ್ಲರೆ. ಎಲ್ಲಾದರೂ ಒಂದು ಕಡೆ ಹೆಚ್ಚು ಕೊಳೆತು ತಗ್ಗು ಬಿದ್ದರೆ ಮಳೆನೀರು ಅಲ್ಲೇ ಮಡುಗಟ್ಟುತ್ತದೆ. ಆ ತಗ್ಗಿನ ಸುತ್ತ ಮುಚ್ಚಿಗೆಯ ಜೇಡಿಮಣ್ಣು ಎಳೆದುಕೊಂಡು ಬಿರುಕು ಬಿಡುತ್ತದೆ. ನಿಂತ ನೀರು ಬಿರುಕಿನಿಂದ ಒಳಗೆ ಇಳಿಯುತ್ತದೆ. ಕೊಳಚೆ ನೀರನ್ನು ಹೊರತರಬೇಕಾದ ಪೈಪುಗಳು, ಅನಿಲ ತೆಗೆಯುವ ಬಾವಿಗಳು ಅದೇ ಇಳಿತಕ್ಕೆ ಸೊಟ್ಟಗಾಗಿ ಮುರಿಯುತ್ತವೆ. ಒಳಗೆ ಬರುವ ನೀರು ಹೆಚ್ಚು, ಹೊರಗೆ ಹೋಗುವ ದಾರಿ ಕಡಿಮೆ. ಕೆಲವು ಮಳೆಗಾಲ ಕಳೆದ ಮೇಲೆ, ಮೇಲೆ ಲೆಕ್ಕ ಹಾಕಿದ ಆ 5 ಮೀಟರ್ ನೀರು ಒಳಗೆ ತಯಾರಾಗಿರುತ್ತದೆ. ಪಠ್ಯಪುಸ್ತಕಗಳಲ್ಲಿ ಇಳಿಜಾರಿನ ಭದ್ರತೆ ಒಂದು ಅಧ್ಯಾಯ, ಇಳಿತ ಇನ್ನೊಂದು ಅಧ್ಯಾಯ. ರಾಶಿಯ ಮೇಲೆ ಅವೆರಡೂ ಒಂದೇ ಕೇಡಿನ ಹಿಂದು ಮುಂದು.

ಕೇಡು ಮುನ್ಸೂಚನೆ ಕೊಡದೆ ಬರುವುದು ಕಡಿಮೆ. ನೆತ್ತಿಯಲ್ಲಿ ಅಂಚಿಗೆ ಸಮಾನಾಂತರವಾಗಿ ಬಿರುಕು, ಬುಡದಲ್ಲಿ ಉಬ್ಬು, ಇಳಿಜಾರಿನ ನಡುಮೈಯಲ್ಲಿ ಹೊಸದಾಗಿ ಕಪ್ಪು ನೀರು ಒಸರುವುದು: ಈ ಮೂರರಲ್ಲಿ ಒಂದು ಕಂಡರೂ ಕೆಳಗಿನವರನ್ನು ಎಬ್ಬಿಸಬೇಕು. ನೀರಿನ ಒತ್ತಡ ಅಳೆಯುವ ಪೀಜೋಮೀಟರ್ ಎಂಬ ಕೊಳವೆಯನ್ನು ರಾಶಿಯಲ್ಲಿ ಅಲ್ಲಲ್ಲಿ ಇಳಿಸಿದರೆ ಒಳಗಿನ ಮಟ್ಟ ಏರುವುದು ವಾರಗಳ ಮೊದಲೇ ಗೊತ್ತಾಗುತ್ತದೆ. ಡ್ರೋನ್ ಹಾರಿಸಿ ತಿಂಗಳಿಗೊಮ್ಮೆ ಎತ್ತರದ ನಕ್ಷೆ ತೆಗೆದರೆ ಎಲ್ಲಿ ಕೂತಿದೆ, ಎಲ್ಲಿ ಉಬ್ಬಿದೆ ಎಂಬುದು ಕಾಣುತ್ತದೆ. ಒಂದು ಮನೆಯನ್ನು ಹೂಳಿಸಿ ಆಮೇಲೆ ಪರಿಹಾರ ಕೊಡುವ ಖರ್ಚಿನ ಮುಂದೆ ಇವೆಲ್ಲ ದುಬಾರಿಯಲ್ಲ.

ಇಂದು ಎಚ್ಚರ ಹೆಚ್ಚು ಬೇಕಾಗಿರುವುದು ರಾಶಿ ಕರಗಿಸುವ ಕೆಲಸದಲ್ಲಿ. 2021ರಲ್ಲಿ ಸ್ವಚ್ಛ ಭಾರತ ಅಭಿಯಾನದ ಎರಡನೇ ಹಂತ ಶುರುವಾದ ಮೇಲೆ ದೇಶದ ತುಂಬ ಹಳೆಯ ಕಸವನ್ನು ಅಗೆದು, ಟ್ರಾಮೆಲ್ ಜರಡಿಯಲ್ಲಿ ಜಾಲಿಸಿ, ಮಣ್ಣು, ಪ್ಲಾಸ್ಟಿಕ್ಕು, ಕಲ್ಲು ಬೇರೆ ಮಾಡುತ್ತಿದ್ದಾರೆ. ಆಗಲೇಬೇಕಾದ ಕೆಲಸ, ಸಂತೋಷದ ಸಂಗತಿ. ಆದರೆ ಯಂತ್ರಕ್ಕೆ ಕೈಗೆಟುಕುವುದು ರಾಶಿಯ ಬುಡ. ಬುಡದಿಂದ ಕಡಿಯುತ್ತಾ ಹೋದರೆ ಇಳಿಜಾರನ್ನು ತಡೆದು ನಿಲ್ಲಿಸಿದ್ದ ಭಾರವನ್ನೇ ಎತ್ತಿದ ಹಾಗೆ. ಅಮೆರಿಕದ ಸಿನ್ಸಿನಾಟಿ ಬಳಿಯ ರಂಪ್ಕಿ ಲ್ಯಾಂಡ್‌ಫಿಲ್‌ನಲ್ಲಿ ವಿಸ್ತರಣೆಗೆಂದು ಬುಡದಲ್ಲಿ ಆಳವಾಗಿ ಅಗೆದಿದ್ದರು. 1996ರ ಮಾರ್ಚ್ 9ರಂದು ಸುಮಾರು 12 ಲಕ್ಷ ಘನ ಮೀಟರ್ ಕಸ ಆ ಗುಂಡಿಗೆ ಜಾರಿತು. ಎಲ್ಲ ನಿಯಮ ಪಾಲಿಸುವ ದೇಶದ, ಎಂಜಿನಿಯರುಗಳಿದ್ದ ಜಾಗ ಅದು. ಹಳೆ ಕಸವನ್ನು ತೆಗೆಯಬೇಕಾದ ಕ್ರಮ ಮೇಲಿನಿಂದ ಕೆಳಕ್ಕೆ, ಮೆಟ್ಟಿಲು ಮೆಟ್ಟಿಲಾಗಿ. ಮಳೆಗಾಲದಲ್ಲಿ ಬುಡವನ್ನು ಮುಟ್ಟಲೇಬಾರದು. ಟೆಂಡರಿನ ಷರತ್ತಿನಲ್ಲಿ ಟನ್ನಿನ ಲೆಕ್ಕ ಬರೆಯುವ ಜಾಗದಲ್ಲೇ ಈ ಕ್ರಮವನ್ನೂ ಬರೆಯಬೇಕು.

ಹೊಸದಾಗಿ ಕಟ್ಟುವ ಲ್ಯಾಂಡ್‌ಫಿಲ್‌ಗೆ 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ತಳದಲ್ಲಿ 90 ಸೆಂಟಿಮೀಟರ್ ಜೇಡಿಮಣ್ಣು, ಅದರ ಮೇಲೆ 1.5 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಹಾಳೆ ಕೇಳಿದವು. ಮುಚ್ಚುವಾಗ 60 ಸೆಂಟಿಮೀಟರ್ ಜೇಡಿ, 15 ಸೆಂಟಿಮೀಟರ್ ನೀರು ಬಸಿಯುವ ಪದರ, 45 ಸೆಂಟಿಮೀಟರ್ ಗಿಡ ಬೆಳೆಯುವ ಮಣ್ಣು. ಮುಚ್ಚಿದ ಮೇಲೆ ಕನಿಷ್ಠ 15 ವರ್ಷ ನೋಡಿಕೊಳ್ಳಬೇಕು ಎಂದೂ ಹೇಳಿದವು. ನಮ್ಮ 20 ಮೀಟರ್ ರಾಶಿಯ ಸೂತ್ರಕ್ಕೆ ಆ ಹದಿನೈದನೆಯ ವರ್ಷವನ್ನು ಹಾಕಿದರೆ, ಅಲ್ಲಿಂದ ಮೂವತ್ತನೆಯ ವರ್ಷದೊಳಗೆ ಅದು ಇನ್ನೂ 42 ಸೆಂಟಿಮೀಟರ್ ಇಳಿಯುತ್ತದೆ. ಹುಲ್ಲು ಬೆಳೆಸಿದ ಉದ್ಯಾನಕ್ಕೆ 42 ಸೆಂಟಿಮೀಟರ್ ದೊಡ್ಡದಲ್ಲ, ತಗ್ಗಾದಲ್ಲಿ ಮಣ್ಣು ತುಂಬಿ ಇಳಿಜಾರು ಸರಿಪಡಿಸುತ್ತಾ ಹೋಗಬಹುದು. ಅದೇ ಜಾಗದಲ್ಲಿ ನಿವೇಶನ ಹಂಚಿದರೆ ಅಷ್ಟು ಇಳಿತಕ್ಕೆ ಗೋಡೆಗಳು ಸೀಳುತ್ತವೆ, ಒಳಚರಂಡಿ ಪೈಪು ತುಂಡಾಗುತ್ತದೆ, ಆ ಪೈಪಿನ ನೀರು ಮತ್ತೆ ರಾಶಿಯ ಒಳಗೇ ಇಳಿಯುತ್ತದೆ.